ನಾಲ್ಕೈದು ಜನರ ಅಂಗಡಿಯಲ್ಲಿ ಸುರಕ್ಷತೆ: ಬಳ್ಳಾರಿ ಸೀಮೆಯ ಗ್ಯಾರೇಜು, ಖಾನಾವಳಿ, ಮಿರ್ಚಿ ಬಂಡಿಗಳಿಗೊಂದು ಮಾರ್ಗದರ್ಶಿ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುವವರನ್ನು ಹೆಲ್ಮೆಟ್, ಬೂಟು ಇಲ್ಲದೆ ಗೇಟಿನೊಳಗೆ ಬಿಡುವುದಿಲ್ಲ. ಒಳಗೆ ಸುರಕ್ಷತೆ ನೋಡಿಕೊಳ್ಳಲೆಂದೇ ಅಧಿಕಾರಿಗಳಿರುತ್ತಾರೆ. ಆದರೆ ಅದೇ ಕಾರ್ಖಾನೆಗೆ ಅದಿರು ತರುವ ಲಾರಿಯ ಟೈರ್ ಬಿಚ್ಚುವ ಹುಡುಗನಿಗೆ, ಆ ಲಾರಿಯ ಡ್ರೈವರಿಗೆ ಬೆಳಿಗ್ಗೆ ಒಗ್ಗರಣಿ-ಮಿರ್ಚಿ ಹಾಕಿಕೊಡುವ ಅಕ್ಕನಿಗೆ, ಬಾಡಿ ವೆಲ್ಡಿಂಗ್ ಮಾಡುವ ಮಿಸ್ತ್ರಿಗೆ ಹೇಳುವವರು, ಕೇಳುವವರು ಯಾರೂ ಇಲ್ಲ. ಬೆಂಕಿ, ಕರೆಂಟು, ಭಾರ, ಹೊಗೆ ಎರಡೂ ಕಡೆ ಒಂದೇ. ಗಾಯವಾದರೆ ಆಗುವ ನೋವೂ ಒಂದೇ.

ಸಣ್ಣ ಅಂಗಡಿಗೆ ಒಂದು ಅನುಕೂಲವಿದೆ, ಅದನ್ನು ನಾವು ಬಳಸಿಕೊಳ್ಳುತ್ತಿಲ್ಲ ಎಂಬುದೇ ನನ್ನ ಬೇಸರ. ಇಲ್ಲಿ ಮಾಲೀಕನೂ ಅದೇ ಒಲೆಯ ಮುಂದೆ ನಿಂತಿರುತ್ತಾನೆ. ಒಂದು ಕಡಾಯಿಯನ್ನು ಎರಡಡಿ ಸರಿಸಲು ಯಾವ ಕಮಿಟಿಯೂ ಕೂರಬೇಕಿಲ್ಲ. ಇವತ್ತು ಸಂಜೆ ಅಂಗಡಿ ಮುಚ್ಚುವ ಮೊದಲೇ ಅದು ಆಗಬಹುದು. ಈ ಬರಹ ಮಾಲೀಕರಿಗೂ ಕೆಲಸಗಾರರಿಗೂ ಸೇರಿಯೇ ಇದೆ.

ಮೊದಲು ನೋಡಿ, ಆಮೇಲೆ ಖರ್ಚು ಮಾಡಿ

ಗಿರಾಕಿ ಹೆಚ್ಚಿರುವ ಹೊತ್ತಿನಲ್ಲಿ ಅರ್ಧ ಗಂಟೆ ಕೈಗೆ ಕೆಲಸ ಹಚ್ಚಿಕೊಳ್ಳದೆ ಅಂಗಡಿಯ ಒಂದು ಮೂಲೆಯಲ್ಲಿ ನಿಂತು ನೋಡಿ. ಬಿಡುವಿನ ಹೊತ್ತಿನಲ್ಲಿ ಎಲ್ಲ ಅಂಗಡಿಗಳೂ ಸುರಕ್ಷಿತವಾಗಿಯೇ ಕಾಣುತ್ತವೆ. ಅವಸರದಲ್ಲಿ ಯಾರು ಎಲ್ಲಿ ಕಾಲಿಡುತ್ತಾರೆ, ಬಿಸಿ ಪಾತ್ರೆ ಹಿಡಿದವರು ಯಾರಿಗೆ ತಾಗಿಕೊಂಡು ಹೋಗುತ್ತಾರೆ, ಯಾವ ವೈರನ್ನು ದಾಟುತ್ತಾರೆ, ಯಾವ ಕೆಲಸವನ್ನು ಉಸಿರು ಬಿಗಿಹಿಡಿದು ಮಾಡುತ್ತಾರೆ, ಇವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಆಮೇಲೆ ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಕೇಳಿ: "ಇಲ್ಲಿ ಯಾವ ಕೆಲಸ ಮಾಡೋವಾಗ ನಿನಗೆ ಭಯ ಆಗುತ್ತೆ?" ಎಲ್ಲರ ಮುಂದೆ ಕೇಳಿದರೆ ಬರುವ ಉತ್ತರ ಗೊತ್ತೇ ಇದೆ, "ಏನಾಗಲ್ಲ ಬಿಡಣ್ಣ". ಹೊಸದಾಗಿ ಸೇರಿದ ಹುಡುಗನ ಮಾತಿಗೆ ಹೆಚ್ಚು ಬೆಲೆ ಕೊಡಿ. ಹಳಬರ ಕಣ್ಣಿಗೆ ರೂಢಿಯಾಗಿ ಹೋದದ್ದು ಅವನಿಗಿನ್ನೂ ಕಾಣುತ್ತದೆ. "ಸ್ವಲ್ಪದರಲ್ಲೇ ತಪ್ಪಿತು" ಎಂದು ನಕ್ಕು ಮರೆತ ಘಟನೆಗಳನ್ನೂ ಕೇಳಿ ಬರೆಯಿರಿ. ಜಾರಿದ ಜ್ಯಾಕ್, ತಪಕ್ಕೆಂದು ಹೊತ್ತಿ ಆರಿದ ಬೆಂಕಿ, ಚುರ್ರೆಂದ ಸ್ವಿಚ್ಚು. ಮುಂದಿನ ಅಪಘಾತ ಎಲ್ಲಿ ಕೂತಿದೆ ಎಂದು ಅವೇ ಹೇಳುತ್ತವೆ.

ಹಾಳೆಯಲ್ಲಿರುವ ಪ್ರತಿಯೊಂದಕ್ಕೂ ಈ ಕ್ರಮದಲ್ಲಿ ಉಪಾಯ ಹುಡುಕಿ: ಆ ಅಪಾಯವನ್ನು ಪೂರ್ತಿ ತೆಗೆದುಬಿಡಬಹುದೇ? ಆಗದಿದ್ದರೆ ಕಡಿಮೆ ಅಪಾಯದ್ದೇನನ್ನಾದರೂ ಬಳಸಬಹುದೇ? ಮನುಷ್ಯನಿಗೂ ಅದಕ್ಕೂ ನಡುವೆ ಗಾರ್ಡ್, ಗೋಡೆ, ದೂರ ಇಡಬಹುದೇ? ಕೆಲಸ ಮಾಡುವ ರೀತಿ, ಹೊತ್ತು ಬದಲಿಸಬಹುದೇ? ಕೈಗವಸು, ಕನ್ನಡಕ ಬರುವುದು ಕೊನೆಗೆ. ನಮ್ಮಲ್ಲಿ ಇದು ತಲೆಕೆಳಗಾಗಿದೆ. ಗ್ರೈಂಡರಿನ ಗಾರ್ಡ್ ಬಿಚ್ಚಿ ಮೂಲೆಗೆ ಎಸೆದು, ಹುಡುಗನಿಗೆ ಕನ್ನಡಕ ಕೊಟ್ಟರೆ ಆಯಿತೆಂದುಕೊಳ್ಳುತ್ತೇವೆ. ಚಕ್ರ ಒಡೆದು ಹಾರಿದಾಗ ಅದು ಕಣ್ಣನ್ನೇ ಹುಡುಕಿಕೊಂಡು ಬರುವುದಿಲ್ಲ, ಕುತ್ತಿಗೆಗೂ ಬರುತ್ತದೆ.

ಒಲೆ ಮತ್ತು ಗ್ಯಾಸು

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗುವುದಿಲ್ಲ, ನೆಲ ಹಿಡಿದು ಹರಡಿ ತಗ್ಗಿನಲ್ಲಿ, ಚರಂಡಿಯಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಜಾಗದಲ್ಲಿ ನೆಲಮಟ್ಟದಲ್ಲಿ ಗಾಳಿ ಆಡಬೇಕು. ತಲೆ ಮೇಲಿನ ಕಿಟಕಿಯೊಂದೇ ಸಾಲದು. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು. ಗ್ಯಾಸು ಮುಗಿಯುತ್ತ ಬಂದಾಗ ಅಡ್ಡ ಮಲಗಿಸಿ, ಬಿಸಿನೀರು ಸುರಿದು ಕೊನೆಯ ಗ್ಯಾಸು ತೆಗೆಯುವ ಅಭ್ಯಾಸ ಬಂಡಿಗಳಲ್ಲಿ ಬಹಳ ಇದೆ. ದಯವಿಟ್ಟು ಬಿಡಿ, ದ್ರವವೇ ಪೈಪಿಗೆ ಬಂದು ಬರ್ನರಿನಲ್ಲಿ ಭುಗಿಲೇಳುತ್ತದೆ. ವ್ಯಾಪಾರಕ್ಕೆ 19 ಕೆಜಿಯ ಸಿಲಿಂಡರನ್ನೇ ತೆಗೆದುಕೊಳ್ಳಿ. 14.2 ಕೆಜಿಯದು ಮನೆಗೆ ಮಾತ್ರ. ಹೋಟೆಲಿನಲ್ಲಿ ಅದನ್ನು ಬಳಸುವುದು ಕಾನೂನಿಗೆ ವಿರುದ್ಧ.

ಸಿಲಿಂಡರ್ ಬದಲಿಸಿದಾಗಲೆಲ್ಲ ವಾಲ್ವಿಗೆ, ಪೈಪಿನ ಎರಡೂ ತುದಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಬೆಂಕಿಕಡ್ಡಿ ಗೀರಿ ನೋಡುವವರು ಇಂದಿಗೂ ಇದ್ದಾರೆ, ಅಂಥವರನ್ನು ಕಂಡರೆ ಕೈ ಹಿಡಿದು ನಿಲ್ಲಿಸಿ. ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು, ಬಿರುಕು ಕಂಡರೆ ಅವತ್ತೇ. ಗ್ಯಾಸಿನ ವಾಸನೆ ಬಂದರೆ ಲೈಟು ಹಾಕಲೂಬಾರದು, ಆರಿಸಲೂಬಾರದು. ಎರಡರಲ್ಲೂ ಕಿಡಿ ಇದೆ. ಎಲ್ಲ ಬೆಂಕಿ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆಗೆದು ಜನರನ್ನು ಹೊರಗೆ ಕಳಿಸಿ, ನೀವೂ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಇನ್ನು ಎಣ್ಣೆ. ಮಿರ್ಚಿ ಕರಿಯುವ ಕಡಾಯಿ ಹೊತ್ತಿಕೊಂಡರೆ ಕೈ ತಾನಾಗಿ ನೀರಿನ ಕೊಡದ ಕಡೆ ಹೋಗುತ್ತದೆ. ಆ ನೀರು ಕಾದ ಎಣ್ಣೆಯ ತಳಕ್ಕಿಳಿದು ಕ್ಷಣದಲ್ಲಿ ಆವಿಯಾಗುತ್ತದೆ. ಆವಿಯಾದಾಗ ಅದರ ಗಾತ್ರ ಸುಮಾರು 1700 ಪಟ್ಟು ಹಿಗ್ಗುತ್ತದೆ. ಹಾಗೆ ಹಿಗ್ಗುತ್ತ ಉರಿಯುವ ಎಣ್ಣೆಯನ್ನು ಮುಖಕ್ಕೆ, ತಗಡಿನ ಸೂರಿಗೆ ಎರಚುತ್ತದೆ. ಕಡಾಯಿಯ ಬಾಯಿಗಿಂತ ದೊಡ್ಡದಾದ ಒಂದು ಕಬ್ಬಿಣದ ಮುಚ್ಚಳವನ್ನು ಕೈಗೆಟಕುವಂತೆ ನೇತುಹಾಕಿ. ಬೆಂಕಿ ಎದ್ದರೆ ಗ್ಯಾಸು ಬಂದ್ ಮಾಡಿ, ಮುಚ್ಚಳವನ್ನು ನಿಮ್ಮ ಕಡೆಯಿಂದ ಆಚೆಗೆ ಜಾರಿಸುತ್ತ ಮುಚ್ಚಿ, ಪೂರ್ತಿ ತಣ್ಣಗಾಗುವ ತನಕ ತೆಗೆಯಬೇಡಿ. ಉರಿಯುತ್ತಿರುವ ಕಡಾಯಿಯನ್ನು ಎತ್ತಿಕೊಂಡು ಹೊರಗೆ ಓಡುವುದು ಎಲ್ಲಕ್ಕಿಂತ ಕೆಟ್ಟದ್ದು. ಬಂಡಿಯಾದರೆ ಕಡಾಯಿ ಇರುವ ಬದಿ ರಸ್ತೆಯ ಕಡೆಗೆ, ಮಕ್ಕಳು ನಿಲ್ಲುವ ಕಡೆಗೆ ಇರದಂತೆ ತಿರುಗಿಸಿ ನಿಲ್ಲಿಸಿ.

ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು. ಬೇರೆ ಏನೂ ಬೇಡ. ಟೂತ್‌ಪೇಸ್ಟ್, ಇಂಕು, ತುಪ್ಪ, ಅರಿಶಿನ ಯಾವುದೂ ಬೇಡ. ಬಳೆ, ಉಂಗುರವನ್ನು ಬಾವು ಬರುವ ಮೊದಲೇ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕಿತ್ತು ತೆಗೆಯಬೇಡಿ. ನಮ್ಮೂರಿನವರಿಗೆ ಇನ್ನೊಂದು ಮಾತು: ಏಪ್ರಿಲ್ ಮಧ್ಯಾಹ್ನ ಮಾಳಿಗೆ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನೀರು ಕೈ ಇಡಲಾರದಷ್ಟು ಕಾದಿರುತ್ತದೆ. ಸುಟ್ಟ ಕೈಯನ್ನು ಆ ನಲ್ಲಿಯ ಕೆಳಗೆ ಹಿಡಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ನೆರಳಿನಲ್ಲಿ ಎರಡು ಕೊಡ ನೀರನ್ನು ಇದಕ್ಕೆಂದೇ ತುಂಬಿಟ್ಟಿರಿ. ಐಸನ್ನು ನೇರವಾಗಿ ಇಡಬೇಡಿ.

ಗ್ಯಾರೇಜು, ಪಂಕ್ಚರ್ ಅಂಗಡಿ, ವೆಲ್ಡಿಂಗ್

ಜ್ಯಾಕ್ ಇರುವುದು ಗಾಡಿ ಎತ್ತಲು, ಹೊತ್ತು ನಿಲ್ಲಿಸಲು ಅಲ್ಲ. ಗಾಡಿಯ ಕೆಳಗೆ ತಲೆ ಹಾಕುವ ಮೊದಲು ಸ್ಟ್ಯಾಂಡ್ ಅಥವಾ ಗಟ್ಟಿ ಕಟ್ಟಿಗೆಯ ದಿಮ್ಮಿ ಕೊಟ್ಟಿರಬೇಕು, ಚಕ್ರಗಳಿಗೆ ಅಡ್ಡ ಕೊಟ್ಟಿರಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕು ಬೇಡ, ಭಾರ ಬಿದ್ದರೆ ಸದ್ದಿಲ್ಲದೆ ಒಡೆಯುತ್ತವೆ.

ಲಾರಿ ಟೈರಿನ ವಿಷಯಕ್ಕೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇಲ್ಲಿ ಎರಡನೇ ಅವಕಾಶ ಸಿಗುವುದಿಲ್ಲ. ಲಾಕ್ ರಿಂಗ್ (ಟೈರನ್ನು ಡಿಸ್ಕಿಗೆ ಕಚ್ಚಿ ಹಿಡಿಯುವ ಕಬ್ಬಿಣದ ಬಳೆ) ಇರುವ ಡಿಸ್ಕಿನಲ್ಲಿ ರಿಂಗು ಸರಿಯಾಗಿ ಕೂರದೆ ಹವಾ ತುಂಬಿದರೆ ಅದು ಗುಂಡಿನ ವೇಗದಲ್ಲಿ ಸಿಡಿಯುತ್ತದೆ. ಬಿಚ್ಚುವ ಮೊದಲು, ಗಾಡಿಯಲ್ಲೇ ಇರುವಾಗಲೇ, ವಾಲ್ವಿನ ಪಿನ್ನು ತೆಗೆದು ಪೂರ್ತಿ ಹವಾ ಬಿಡಿ. ಜೋಡಿ ಚಕ್ರವಾದರೆ ಎರಡರದ್ದೂ. ತುಕ್ಕು ಹಿಡಿದ, ಬಾಗಿದ ರಿಂಗನ್ನು ಬಡಿದು ಸರಿಮಾಡಿ ಮತ್ತೆ ಹಾಕಬೇಡಿ. ಹವಾ ತುಂಬುವಾಗ ಟೈರನ್ನು ಕಬ್ಬಿಣದ ಪಂಜರದೊಳಗಿಡಿ. ವೆಲ್ಡಿಂಗ್ ಬಲ್ಲ ಊರಿನಲ್ಲಿ ಆ ಪಂಜರ ಮಾಡಿಸುವುದು ದೊಡ್ಡ ಕೆಲಸವಲ್ಲ. ವಾಲ್ವಿಗೆ ತಾನಾಗಿ ಕಚ್ಚಿಕೊಳ್ಳುವ ಕ್ಲಿಪ್ಪು, ಉದ್ದನೆಯ ಪೈಪು ಇರಲಿ, ತುಂಬುವವರು ರಿಂಗಿನ ಎದುರಿಗೆ ನಿಲ್ಲದೆ ಪಕ್ಕಕ್ಕೆ ದೂರ ನಿಲ್ಲಲಿ. ಹವಾ ಏರುತ್ತಿರುವಾಗ ಸುತ್ತಿಗೆಯಿಂದ ರಿಂಗಿಗೆ ತಟ್ಟುವುದಂತೂ ಯಾವ ಕಾರಣಕ್ಕೂ ಬೇಡ. ಡಿಸ್ಕಿಗೆ ವೆಲ್ಡಿಂಗ್ ಮಾಡಬೇಕಾದರೆ ಟೈರನ್ನು ಬೇರ್ಪಡಿಸಿಯೇ ಮಾಡಬೇಕು.

ಕಂಪ್ರೆಸರಿನ ಗಾಳಿಯಿಂದ ಬಟ್ಟೆಯ ಧೂಳು ಕೊಡವಿಕೊಳ್ಳುವುದು, ಗೆಳೆಯನ ಮೈಗೆ ಹಿಡಿದು ತಮಾಷೆ ಮಾಡುವುದು ಎರಡನ್ನೂ ನಿಲ್ಲಿಸಿ. ಆ ಒತ್ತಡ ಕಣ್ಣು, ಕಿವಿ, ಕರುಳಿನ ತನಕ ಗಾಯ ಮಾಡಬಲ್ಲದು. ಬ್ರೇಕ್ ಡ್ರಮ್ಮಿನ ಧೂಳಿಗೂ ಗಾಳಿ ಹಿಡಿಯಬೇಡಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಪುಪ್ಪುಸಕ್ಕೆ ಸೇರಿದರೆ ರೋಗ ಕಾಣಿಸಿಕೊಳ್ಳುವುದು ಹತ್ತಾರು ವರ್ಷ ಕಳೆದ ಮೇಲೆ. ಒದ್ದೆ ಬಟ್ಟೆಯಿಂದ ಒರೆಸಿ. ಕೈಯ ಗ್ರೀಸನ್ನು ಪೆಟ್ರೋಲಿನಿಂದ ತೊಳೆಯುವ ಬದಲು ಅಡುಗೆ ಎಣ್ಣೆ ಹಚ್ಚಿ ತಿಕ್ಕಿ, ಸೋಪಿನಿಂದ ತೊಳೆಯಿರಿ. ಪೆಟ್ರೋಲಿನಲ್ಲಿ ಬೆಂಜೀನ್ ಇದೆ, ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತು.

ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಬೀಡಿ, ಕಿಡಿ ಹತ್ತಿರ ಬರಬಾರದು. ಆ್ಯಸಿಡನ್ನು ನೀರಿಗೆ ಹಾಕಬೇಕು, ನೀರನ್ನು ಆ್ಯಸಿಡಿಗೆ ಸುರಿಯಬಾರದು.

ವೆಲ್ಡಿಂಗಿನ ಬೆಳಕು ಕಣ್ಣಿಗೆ ಹೊಡೆದದ್ದು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಹಲವು ಗಂಟೆ ಕಳೆದು ಮಧ್ಯರಾತ್ರಿ ಕಣ್ಣಿಗೆ ಮರಳು ಸುರಿದಂತೆ ನೋವು ಶುರುವಾಗುತ್ತದೆ. ಸಂತೆಯ ಕಪ್ಪು ಕನ್ನಡಕ ಇದಕ್ಕೆ ಸಾಲದು. ಆರ್ಕ್ ವೆಲ್ಡಿಂಗಿಗೆ ಕನಿಷ್ಠ 10ನೇ ನಂಬರಿನ ಗ್ಲಾಸು ಇರುವ, ಮುಖವಿಡೀ ಮುಚ್ಚುವ ಶೀಲ್ಡ್ ಬೇಕು. ಪಕ್ಕದಲ್ಲಿ ಕಬ್ಬಿಣ ಹಿಡಿದು ಕೂತ ಸಹಾಯಕನಿಗೂ ಒಂದು ಬೇಕು. ಹೆಚ್ಚಾಗಿ ಕಣ್ಣು ಕೆಡಿಸಿಕೊಳ್ಳುವವನು ಅವನೇ. ದಾರಿಹೋಕರಿಗೆ ಕಾಣದಂತೆ ತಗಡಿನ ಪರದೆ ಇಡಿ.

ಹೊಗೆಯ ಬಗ್ಗೆ ಒಂದು ನಂಬಿಕೆ ಇದೆ: ಸಂಜೆ ಬೆಲ್ಲ ತಿಂದರೆ, ಹಾಲು ಕುಡಿದರೆ ಎದೆ ಸೇರಿದ ಹೊಗೆ ತೊಳೆದುಹೋಗುತ್ತದೆ ಎಂದು. ಬೆಲ್ಲ ಹೋಗುವುದು ಹೊಟ್ಟೆಗೆ, ಹೊಗೆ ಕೂತಿರುವುದು ಪುಪ್ಪುಸದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲೇ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಜಿಐ ಶೀಟಿನ, ಅಂದರೆ ಸತು ಲೇಪಿಸಿದ ತಗಡಿನ ಕೆಲಸ ಮಾಡಿದ ಸಂಜೆ ಜ್ವರ, ಚಳಿ, ಮೈಕೈ ನೋವು ಬಂದರೆ ಅದು ಸತುವಿನ ಹೊಗೆಯ ಜ್ವರ ಇರಬಹುದು, ಡಾಕ್ಟರಿಗೆ ಆವತ್ತು ಮಾಡಿದ ಕೆಲಸ ಯಾವುದೆಂದು ಹೇಳಿ. ವೆಲ್ಡಿಂಗನ್ನು ಶೆಡ್ಡಿನ ಒಳಗಿನಿಂದ ತೆರೆದ ಜಾಗಕ್ಕೆ ತನ್ನಿ, ಗಾಳಿ ಬೆನ್ನ ಹಿಂದಿನಿಂದಲ್ಲ, ಪಕ್ಕದಿಂದ ಬೀಸುವಂತೆ ಕೂರಿ. ಅರ್ಧ ಸಮಸ್ಯೆ ಅಲ್ಲೇ ಕಡಿಮೆಯಾಗುತ್ತದೆ.

ಆಕ್ಸಿಜನ್ ಸಿಲಿಂಡರಿನ ವಾಲ್ವು, ರೆಗ್ಯುಲೇಟರಿಗೆ ಎಣ್ಣೆ, ಗ್ರೀಸು ಮುಟ್ಟಬಾರದು. ಒತ್ತಡದ ಆಕ್ಸಿಜನ್ನಿನಲ್ಲಿ ಗ್ರೀಸು ಬೆಂಕಿಕಡ್ಡಿ ಇಲ್ಲದೆಯೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಟ್ಯಾಂಕನ್ನು "ಖಾಲಿ ಇದೆ" ಎಂದು ವೆಲ್ಡಿಂಗಿಗೆ ತಂದರೆ ವಾಪಸ್ ಕಳಿಸಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿಯುವುದು.

ಕರೆಂಟು

ಬೋರ್ಡಿನಲ್ಲಿ ಎಂಸಿಬಿ (ಲೋಡು ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್ಚು) ಇದೆ, ಸಾಕು ಎನ್ನುತ್ತಾರೆ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯಲು ಆರ್‌ಸಿಸಿಬಿ ಬೇಕು, 30 ಮಿಲಿಆಂಪಿಯರಿನದು. ಮೈಮೇಲೆ ಕರೆಂಟು ಹರಿಯತೊಡಗಿದ ಕೂಡಲೇ ಅದು ಲೈನು ಕತ್ತರಿಸುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಒದ್ದೆ ನೆಲದಲ್ಲಿ ನಿಂತು ಹಿಟ್ಟಿನ ಗ್ರೈಂಡರ್ ತೊಳೆಯುವ ಹೋಟೆಲು, ವಾಟರ್ ಸರ್ವೀಸ್ ಮಾಡುವ ಗ್ಯಾರೇಜು ಬೇರೆ ಯಾವ ಖರ್ಚನ್ನಾದರೂ ಮುಂದಕ್ಕೆ ಹಾಕಲಿ, ಇದನ್ನು ಹಾಕಬಾರದು. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಮುರಿದು ಬಳಸಬೇಡಿ, ಪ್ಲಗ್ಗೇ ಇಲ್ಲದ ವೈರನ್ನು ಕಡ್ಡಿ ಚುಚ್ಚಿ ಸಾಕೆಟ್ಟಿಗೆ ಸಿಕ್ಕಿಸಬೇಡಿ. ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡರೆ ಮುಟ್ಟದೆ ಮೊದಲು ಮೇನ್ ಆಫ್ ಮಾಡಿ.

ಬಿಸಿಲು

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸತಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳ ಸರ್ಕಾರಿ ಕಚೇರಿಗಳಿಗೆ ಈ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ಕೆಲಸದ ಹೊತ್ತು ಬದಲಿಸುತ್ತಾರೆ. ಫ್ಯಾನಿನ ಕೆಳಗಿನ ಕೆಲಸಕ್ಕೆ ಅದು ಬೇಕಾದರೆ ತಗಡಿನ ಶೆಡ್ಡಿನ ಕೆಳಗಿನ ಕೆಲಸಕ್ಕೆ ಬೇಡವೇ? ಇಂಜಿನ್ ಇಳಿಸುವುದು, ಬಾಡಿ ಬಡಿಯುವಂಥ ಭಾರದ ಕೆಲಸ ಬೆಳಿಗ್ಗೆ 11ರೊಳಗೆ, ಉಳಿದದ್ದು ಸಂಜೆ 4ರ ಮೇಲೆ. ತಗಡಿಗೆ ಮೇಲಿನಿಂದ ಸುಣ್ಣ ಅಥವಾ ಬಿಳಿ ಬಣ್ಣ ಬಳಿಯಿರಿ.

ದುಡಿಯುವವರು 15-20 ನಿಮಿಷಕ್ಕೊಂದು ಲೋಟ ನೀರು ಕುಡಿಯಬೇಕು, ಬಾಯಾರಿದ ಮೇಲಲ್ಲ. ಚಹಾ ಇದರ ಲೆಕ್ಕಕ್ಕೆ ಬರುವುದಿಲ್ಲ, ಮಜ್ಜಿಗೆ ಬರುತ್ತದೆ. ಹೆಣ್ಣುಮಕ್ಕಳು ಕೆಲಸ ಮಾಡುವ ಕಡೆ ಹೋಗಲು ಶೌಚಾಲಯ ಇಲ್ಲದಿದ್ದರೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಇದನ್ನು ಅವರು ನಿಮ್ಮ ಮುಂದೆ ಹೇಳುವುದಿಲ್ಲ, ನೀವೇ ಅರ್ಥ ಮಾಡಿಕೊಂಡು ವ್ಯವಸ್ಥೆ ಮಾಡಬೇಕು. ಹೊಸದಾಗಿ ಸೇರಿದವರಿಗೆ, ಊರಿಗೆ ಹೋಗಿ ಬಂದವರಿಗೆ ಮೊದಲ ದಿನವೇ ಪೂರ್ತಿ ಬಿಸಿಲಿನ ಕೆಲಸ ಕೊಡಬೇಡಿ. ಮೈ ಒಗ್ಗಲು ವಾರ ಬೇಕು. ಹೊಸಬರಿಗೆ ಮೊದಲ ದಿನ ಐದನೇ ಒಂದು ಭಾಗ, ದಿನಕ್ಕಿಷ್ಟು ಏರಿಸುತ್ತ ಹೋಗಿ.

ಬಿಸಿಲಿನಲ್ಲಿ ದುಡಿಯುತ್ತಿದ್ದವರು ತಡವರಿಸಿ ಮಾತಾಡಿದರೆ, ಸಂಬಂಧವಿಲ್ಲದ ಮಾತಾಡಿದರೆ, ಕುಸಿದರೆ ಅದು ಬಿಸಿಲಾಘಾತ. ಬೆವರುತ್ತಿದ್ದರೂ ಇರಬಹುದು. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವ ತನಕ ಕಾಯದೆ ನೆರಳಿಗೆ ತಂದು ಮೈಗೆಲ್ಲ ನೀರು ಸುರಿದು ಗಾಳಿ ಹಾಕಿ. ಕಂಕುಳು, ಕುತ್ತಿಗೆಗೆ ಐಸು ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಕಟಿಂಗ್ ಶಾಪು, ಬಟ್ಟೆ ಅಂಗಡಿ

ಒಬ್ಬರಿಗೆ ಒಂದೇ ಬ್ಲೇಡು, ಮುಗಿದ ಮೇಲೆ ಗಟ್ಟಿ ಡಬ್ಬಿಗೆ. ಹೆಪಟೈಟಿಸ್ ಬಿ ರಕ್ತದಿಂದ ಹರಡುತ್ತದೆ, ಗಿರಾಕಿಯಷ್ಟೇ ಕ್ಷೌರಿಕನಿಗೂ ಅಪಾಯ. ಅದಕ್ಕೆ ಲಸಿಕೆ ಇದೆ, ಮೂರು ಡೋಸು: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಡೈ ಹಚ್ಚುವಾಗ ಕೈಗವಸು ಬೇಕೇ ಬೇಕು.

ಇಡೀ ದಿನ ನಿಂತೇ ಇರುವ ಸೇಲ್ಸ್ ಹುಡುಗಿಯರಿಗೆ ಒಂದು ಸ್ಟೂಲು ಇಡಿ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಇದನ್ನು ಕಾನೂನೇ ಮಾಡಿವೆ. ಬಳ್ಳಾರಿಯ ಬೆಂಗಳೂರು ರಸ್ತೆಯ ಅಂಗಡಿಗಳು ಸ್ಟೂಲು ಇಡಲು ಕಾನೂನಿಗೆ ಕಾಯಬೇಕಿಲ್ಲ.

ಗುಂಡಿಗೆ ಯಾರನ್ನೂ ಇಳಿಸಬೇಡಿ

ಖಾನಾವಳಿಯ ಸೆಪ್ಟಿಕ್ ಗುಂಡಿ ಕಟ್ಟಿಕೊಂಡರೆ "ಐನೂರು ಜಾಸ್ತಿ ಕೊಡ್ತೀನಿ, ಇಳಿ" ಎಂದು ಯಾರಿಗೂ ಹೇಳಬೇಡಿ. ಕೆಲಸಗಾರರೇ, ಮಾಲೀಕರು ಹೇಳಿದರೂ ನೀವು ಇಳಿಯಬೇಡಿ. ಒಳಗಿನ ವಿಷಾನಿಲ ಒಂದೆರಡು ಉಸಿರಿನಲ್ಲೇ ಎಚ್ಚರ ತಪ್ಪಿಸುತ್ತದೆ, ಎತ್ತಲು ಇಳಿದವರೂ ಅಲ್ಲೇ ಉಳಿಯುತ್ತಾರೆ. ರಕ್ಷಣೆಯಿಲ್ಲದೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಅಪರಾಧವೆಂದಿದೆ. ಸತ್ತರೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ನಗರಪಾಲಿಕೆ, ನಗರಸಭೆಗೆ ಫೋನ್ ಮಾಡಿ ಸಕ್ಕಿಂಗ್ ಮಷಿನ್ ತರಿಸಿ. ಬಹಳ ದಿನ ಮುಚ್ಚಿಟ್ಟ ನೀರಿನ ಸಂಪಿನಲ್ಲೂ ಆಮ್ಲಜನಕ ಇಲ್ಲದಿರಬಹುದು.

ಕಾಗದಪತ್ರ, ಗಾಯವಾಗುವ ಮೊದಲೇ

ಹತ್ತು ಅಥವಾ ಹೆಚ್ಚು ಜನ ಇದ್ದರೆ, ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರುವವರಿಗೆ ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ಮಾಡಿಸಲೇಬೇಕು. ಸಂಬಳದ ಶೇ. 0.75 ಕೆಲಸಗಾರರದು, ಶೇ. 3.25 ಮಾಲೀಕರದು. ಕೆಲಸದಲ್ಲಿ ಗಾಯವಾಗಿ ಮನೆಯಲ್ಲಿ ಕೂತರೆ ಸಂಬಳದ ಸುಮಾರು ಶೇ. 90 ಬರುತ್ತದೆ. ಜನ ಕಡಿಮೆ ಇದ್ದ ಮಾತ್ರಕ್ಕೆ ಮಾಲೀಕರ ಹೊಣೆ ಹೋಗುವುದಿಲ್ಲ. ಕೆಲಸದಲ್ಲಿ ಗಾಯವಾದರೆ ಮಾಲೀಕರೇ ಪರಿಹಾರ ಕೊಡಬೇಕೆನ್ನುವ 1923ರ ಕಾಯ್ದೆಯ ನಿಯಮಗಳು ಈಗ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿವೆ. ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದ ಯಾರಾದರೂ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಬಹುದು. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಅದರ ವರ್ಷ ಜೂನ್ 1ರಿಂದ, ಮೇ ಕೊನೆಗೆ ಖಾತೆಯಲ್ಲಿ ದುಡ್ಡು ಇರುವಂತೆ ನೋಡಿಕೊಳ್ಳಿ. ಮೆಕ್ಯಾನಿಕ್, ಕ್ಷೌರಿಕ, ಟೈಲರ್, ಹಮಾಲರಿಗೆ ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ನೋಂದಣಿ ಇದೆ, ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಹದಿನಾಲ್ಕು ತುಂಬದ ಮಕ್ಕಳನ್ನು "ಕೆಲಸ ಕಲೀಲಿ" ಎಂದು ಇಟ್ಟುಕೊಳ್ಳುವುದು ಅಪರಾಧ.

ಕೆಲಸಗಾರರೇ, ಸಂಬಳವನ್ನು ಆದಷ್ಟು ಬ್ಯಾಂಕಿಗೆ ಅಥವಾ ಫೋನ್‌ಪೇಗೆ ಹಾಕಿಸಿಕೊಳ್ಳಿ. ನೀವು ಅಲ್ಲಿ ದುಡಿಯುತ್ತಿದ್ದಿರಿ ಎಂಬುದಕ್ಕೆ ಅದೇ ಸಾಕ್ಷಿ. ಗಾಯವಾಗಿ ವಿಮ್ಸ್ ಎಂದೇ ಜನ ಕರೆಯುವ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ರಾಯಚೂರಿನ ರಿಮ್ಸಿಗೋ ಹೋದಾಗ "ಮನೆಯಲ್ಲಿ ಬಿದ್ದೆ ಅಂತ ಹೇಳು" ಎಂದು ಯಾರಾದರೂ ಹೇಳಿಕೊಟ್ಟರೆ ಒಪ್ಪಬೇಡಿ. ಎಲ್ಲಿ, ಯಾವ ಕೆಲಸ ಮಾಡುವಾಗ ಆಯಿತೆಂದು ಇದ್ದದ್ದನ್ನೇ ಬರೆಸಿ. ಆಸ್ಪತ್ರೆಯ ಚೀಟಿಯಲ್ಲಿ ಒಮ್ಮೆ ಬರೆದ ಮಾತನ್ನು ಆಮೇಲೆ ಬದಲಿಸುವುದು ಬಹಳ ಕಷ್ಟ. ಗಾಯದ, ಜಾಗದ, ಯಂತ್ರದ ಫೋಟೊ ಅವತ್ತೇ ತೆಗೆಸಿ, ಜೊತೆಗಿದ್ದವರ ಹೆಸರು ಬರೆದಿಡಿ, ಮಾಲೀಕರಿಗೆ ವಾಟ್ಸಾಪಿನಲ್ಲಾದರೂ ಬರಹದಲ್ಲಿ ತಿಳಿಸಿ. ಪರಿಹಾರ ಸಿಗದಿದ್ದರೆ ಜಿಲ್ಲಾ ಕಾರ್ಮಿಕ ಅಧಿಕಾರಿಯ ಕಚೇರಿಗೆ ಈ ಕಾಗದಗಳೊಂದಿಗೆ ಹೋಗಿ. ಇಲಾಖೆಯ ಸಹಾಯವಾಣಿ 155214.